ಸಿಹಿ ಕಿಟಕಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಕಿಟಕಿಯನ್ನು. ಕಿಟಕಿಯಾಚೆಗಿನ ನೋಟವನ್ನಲ್ಲ, ಕಿಟಕಿಯನ್ನೇ. ಕಟ್ಟಿಗೆ ಎಷ್ಟು ಹಳೆಯದು, ಬಣ್ಣ ಎಷ್ಟು ಪದರಿನದು, ಎಲ್ಲಾದರೂ ಚಕ್ಕೆ ಎದ್ದಿದೆಯೇ ಎಂದು ಕಣ್ಣಿನಲ್ಲೇ ಅಳೆದು, ಯಾರೂ ನೋಡದಿದ್ದಾಗ ಉಗುರಿನಿಂದ ಮೆಲ್ಲಗೆ ಗೀರಿಯೂ ನೋಡುತ್ತೇನೆ. ಇದು ಮರ್ಯಾದಸ್ಥರ ಲಕ್ಷಣವಲ್ಲ. ಹುಕ್ಕೇರಿಯಲ್ಲಿ ನನ್ನ ಹೆಂಡತಿಯ ಕಡೆಯ ನೆಂಟರೊಬ್ಬರು ಹಳೆಯ ಮನೆಯೊಂದನ್ನು ಕೊಂಡು ನಮ್ಮನ್ನು ಹೋಳಿಗೆ ಊಟಕ್ಕೆ ಕರೆದಿದ್ದರು. ಎಲ್ಲರೂ ತಾಟಿನ ಮುಂದೆ ಕುಳಿತಾಗ ನಾನೊಬ್ಬ ಕಿಟಕಿಗೆ ಮೂಗು ಹಚ್ಚಿ ನಿಂತಿದ್ದೆ. ಮನೆಯೊಡತಿ ನಾನು ಧೂಳು ಹುಡುಕುತ್ತಿದ್ದೇನೆಂದು ತಿಳಿದುಕೊಂಡರು. ಆಮೇಲೆ ಆ ಮನೆಯ ಹೋಳಿಗೆ ನಮಗೆ ಸಿಕ್ಕಿಲ್ಲ. ಹೆಂಡತಿ ಸರೋಜಳಿಗೆ ಈ ಸಿಟ್ಟು ಇನ್ನೂ ಇದೆ. ಕಿಟಕಿಯ ದೆವ್ವ ಮೆಟ್ಟಿದೆ ಎಂದು ನನ್ನನ್ನು ಬೈಯುತ್ತಾಳೆ. ತಮಾಷೆಗೆ ಹೇಳುತ್ತಾಳೋ ಅಲ್ಲವೋ ನನಗೆ ತಿಳಿಯುವುದಿಲ್ಲ, ಏಕೆಂದರೆ ಒಂದು ಕಾಲಕ್ಕೆ ನಮ್ಮ ಕಿಟಕಿಯಲ್ಲಿ ದೆವ್ವವಿದೆಯೆಂದು ನಾವಿಬ್ಬರೂ ನಂಬಿದ್ದೆವು.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಗಣಿತದವರು ರಜೆ ಹಾಕಿದಾಗ ಅವರ ತಾಸು ತೆಗೆದುಕೊಳ್ಳುವುದು, ಸ್ನೇಹ ಸಮ್ಮೇಳನಕ್ಕೆ ಪರದೆ ಬರೆಯುವುದು, ಹುಡುಗರು ಬಿಡಿಸಿದ ಆನೆಯನ್ನು ಆನೆಯೆಂದು ಗುರುತಿಸುವುದು ನನ್ನ ಕೆಲಸ. ಆದರೆ ಬಣ್ಣದ ವಿಷಯದಲ್ಲಿ, ಯಾರೂ ಕೇಳದಿದ್ದರೂ, ನಾನು ಪಂಡಿತ. ಯಾವ ಹಳದಿಗೆ ಯಾವ ನೀಲಿ ಬೆರೆಸಿದರೆ ಎಂಥ ಹಸಿರು ಹುಟ್ಟುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಕುಂಚದ ತುದಿ ಚೂಪಾಗಲೆಂದು ಬಾಯಲ್ಲಿಟ್ಟು ತಿರುವುವ ಚಟವೂ ಇತ್ತು. ಹಾಗೆ ನೋಡಿದರೆ ರೊಟ್ಟಿಯ ಜೊತೆಗೆ ಬಣ್ಣವನ್ನೂ ತಿಂದು ಬೆಳೆದವನು ನಾನು. ಬಣ್ಣಕ್ಕೆ ಕಣ್ಣಿಗೆ ಕಾಣುವುದರ ಆಚೆಗೂ ಒಂದು ಗುಣವಿರಬಹುದೆಂದು ಮಾತ್ರ ಎಂದೂ ಹೊಳೆದಿರಲಿಲ್ಲ.

ಪೆಟ್ರೋಲ್ ಪಂಪುಗಳಲ್ಲಿ ಸೀಸವಿಲ್ಲದ ಪೆಟ್ರೋಲು ಸಿಗುತ್ತದೆಂದು ಹಲಗೆ ತೂಗಹಾಕತೊಡಗಿದ್ದ ಕಾಲ ಅದು. ಆ ಹಲಗೆಯನ್ನು ದಿನಾ ಓದುತ್ತ ನಾನು ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಿದ್ದೆ, ನನಗೂ ಪೆಟ್ರೋಲಿಗೂ ಸಂಬಂಧವಿಲ್ಲವೆಂಬ ನೆಮ್ಮದಿಯಲ್ಲಿ. ಪೇಟೆಯ ಹಿಂದಿನ ಓಣಿಯಲ್ಲಿ, ಜೈನರ ಹಳೆಯ ಮನೆಯೊಂದರ ಮುಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ನಮ್ಮದು ಒಂದು ದೊಡ್ಡ ಖೋಲಿ, ಅದಕ್ಕೆ ಅಂಟಿದ ಅಡಿಗೆಮನೆ. ಹಿಂಭಾಗದಲ್ಲಿ ಮನೆಯೊಡತಿ ಮತ್ತು ಅವರ ಮಗ. ಮಗ ‘ಆಯಿ’ ಎಂದು ಕರೆಯುತ್ತಿದ್ದದ್ದರಿಂದ ಓಣಿಗೆಲ್ಲ ಅವರು ಆಯಿ. ಬಿಳಿ ಸೀರೆ, ಹೊತ್ತು ಮುಳುಗುವ ಮೊದಲೇ ಊಟ, ಅರಿವೆಯಲ್ಲಿ ಸೋಸಿದ ನೀರು, ನಡೆಯುವಾಗ ನೆಲದ ಮೇಲೇ ನೆಟ್ಟ ಕಣ್ಣು. ಇರುವೆ ಸಾಲು ಅಡ್ಡ ಬಂದರೆ, ಆ ಸಾಲು ಮುಗಿಯುವವರೆಗೆ ನಿಂತುಬಿಡುತ್ತಿದ್ದರು.

ಮಗನ ಹೆಸರು ಬಾಳೂ. ವಯಸ್ಸು ನಲವತ್ತು ದಾಟಿದ್ದರೂ ಎಲ್ಲರಿಗೂ ಅವನು ಬರೀ ಬಾಳೂ. ಅವನು ಓದಲು ಕಲಿಯಲಿಲ್ಲ, ಎಣಿಸಲು ಕಲಿಯಲಿಲ್ಲ, ಸಿಟ್ಟು ಮಾಡುವುದನ್ನೂ ಕಲಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತು ಓಣಿಯನ್ನು ನೋಡುವುದೇ ಅವನ ಉದ್ಯೋಗ. ಹುಟ್ಟಿದಾಗ ಚುರುಕಾಗಿದ್ದನಂತೆ. ನಡೆಯಲು ಕಲಿತ ಮೇಲೆ ದಿನದಿನಕ್ಕೆ ಮಂಕಾದನಂತೆ. ಮುಂದಿನ ಖೋಲಿಯಲ್ಲಿ ಏನೋ ಇದೆ, ಅದು ಕೂಸಿನ ಬುದ್ಧಿಯನ್ನು ಎಳೆದುಕೊಂಡಿತು ಎಂದು ಓಣಿಯವರು ಹೇಳುತ್ತಿದ್ದರು. ಮುಂದಿನ ಖೋಲಿಯೆಂದರೆ ನಮ್ಮದೇ. ಇದನ್ನು ಅವರು ನಮಗೆ ಹೇಳಿದ್ದು ಸಾಮಾನೆಲ್ಲ ಇಳಿಸಿ ಮೊಳೆ ಹೊಡೆದು ಮುಗಿದ ಮೇಲೆ.

ಆ ಖೋಲಿಗೆ ಇದ್ದದ್ದು ಒಂದೇ ಕಿಟಕಿ, ಕಟ್ಟೆಯ ಕಡೆಗೆ. ಸಾಗವಾನಿಯ ಚೌಕಟ್ಟು, ಕಬ್ಬಿಣದ ಸರಳಿನ ಗಜಗಳು, ಎಳೆಯ ಮಗುವಿನ ಬಾಯಿಯ ಮಟ್ಟಕ್ಕೆ ಬರುವ ಅಗಲವಾದ ಕೆಳಪಟ್ಟಿ. ಎಲ್ಲಕ್ಕೂ ದಪ್ಪನೆಯ ಹಸಿರು ಆಯಿಲ್ ಪೇಂಟ್. ಎಲೆಯ ಹಸಿರಲ್ಲ, ಗಿಳಿಯ ಹಸಿರೂ ಅಲ್ಲ, ಆಳದ ಬಾವಿಗೆ ಬಗ್ಗಿದಾಗ ಕಾಣುವಂಥ ಹಸಿರು. ಮಧ್ಯಾಹ್ನದ ಬಿಸಿಲು ಓಣಿಗೆ ಇಳಿದಾಗ ಖೋಲಿಯೆಲ್ಲ ಆ ಬಣ್ಣದಲ್ಲಿ ಮುಳುಗುತ್ತಿತ್ತು, ಗೋಡೆ, ಹಾಸಿಗೆ, ಸರೋಜಳ ಮುಖ ಸಹಿತ. ಈ ಬೆಳಕಿಗಾಗಿಯೇ ಮನೆ ಹಿಡಿದೆ ಎಂದು ನಾನು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಮಗಳು ಸುಮಾ ಆಗ ತಾನೇ ನಡೆಯಲು ಕಲಿತಿದ್ದಳು. ಊಟವಾಗಿ ಓಣಿಯೆಲ್ಲ ಅಡ್ಡಾಗುವ ಹೊತ್ತಿಗೆ ಅವಳು ಸದ್ದಿಲ್ಲದೆ ಎದ್ದು ಕಿಟಕಿಗೆ ಹೋಗುತ್ತಿದ್ದಳು. ಎರಡು ಗಜ ಹಿಡಿದು, ಬಾಯನ್ನು ಕೆಳಪಟ್ಟಿಗೆ ಒತ್ತಿ, ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಎತ್ತಿಕೊಂಡರೆ ಅಳುತ್ತಲೂ ಇರಲಿಲ್ಲ, ಕೈ ಮಾತ್ರ ಗಜವನ್ನು ಬಿಡುತ್ತಿರಲಿಲ್ಲ. ಒಂದೊಂದೇ ಬೆರಳು ಬಿಡಿಸಬೇಕಾಗುತ್ತಿತ್ತು. ಅದೇ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಬಾಳೂ ಅವಳನ್ನೇ ನೋಡುತ್ತ ಕುಳಿತಿರುತ್ತಿದ್ದ. ಅವಳ ನಾಲಗೆ ಆಡಿದಾಗ ಅವನ ಬಾಯಿಯೂ ಮೆಲ್ಲಗೆ ಆಡುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ಕಿಟಕಿಯ ಕದ ಎಳೆದು ಹಾಕಿಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಸಂದಿಯಿಂದ ನೋಡಿದರೆ ಅವನು ಹಾಗೆಯೇ ಕುಳಿತಿದ್ದ, ಮುಚ್ಚಿದ ಕದವನ್ನು ನೋಡುತ್ತ.

ನಮ್ಮದು ಕರದಂಟಿನ ಊರು. ಬಸ್ಸಿನಿಂದ ಇಳಿದವರು ನೀರು ಕೇಳುವ ಮೊದಲು ಕರದಂಟಿನ ಅಂಗಡಿ ಕೇಳುತ್ತಾರೆ. ಅಂಥ ಊರಿನ ಮಗು ಬೆಲ್ಲದ ಕರದಂಟಿನ ಚೂರನ್ನು ಉಗುಳಿ ಕಿಟಕಿಯ ಕಡೆಗೆ ನಡೆಯುತ್ತಿತ್ತು. ಬರಬರುತ್ತ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮುಖ ಬಿಳಿಚಿತು. ಕಲಿತ ಮಾತುಗಳನ್ನು ಒಂದೊಂದಾಗಿ ಬಿಡತೊಡಗಿದಳು. ಎಲ್ಲಕ್ಕಿಂತ ಮೊದಲು ಹೋದದ್ದು ‘ಅಪ್ಪಾ’. ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತರೆ ಅವಳು ನನ್ನನ್ನು ಬೇರೆ ಯಾರನ್ನೋ ನೋಡಿದಂತೆ ನೋಡುತ್ತಿದ್ದಳು. ಅಷ್ಟು ಹೆದರಿಕೆ ನನಗೆ ಜೀವನದಲ್ಲಿ ಇನ್ಯಾವುದರಿಂದಲೂ ಆಗಿಲ್ಲ.

ಒಂದು ದಿನ ಅವಳನ್ನು ಕಿಟಕಿಯಿಂದ ಬಿಡಿಸುವಾಗ ಕೆಳಪಟ್ಟಿಯ ಅಂಚಿನಲ್ಲಿ ಹಲ್ಲಿನ ಗುರುತು ಕಂಡವು. ಅಕ್ಕಿಕಾಳಿನಷ್ಟು ಚಿಕ್ಕವು, ಹೊಸವು. ಸುಮಾಳವು. ಅವುಗಳ ಪಕ್ಕದಲ್ಲೇ ಇನ್ನಷ್ಟಿದ್ದವು. ಆದರೆ ಆ ಕುಳಿಗಳ ಒಳಗೆ ಬಣ್ಣ ಇಳಿದು ಒಣಗಿ ಗಟ್ಟಿಯಾಗಿತ್ತು. ಅಂದರೆ ಕಿಟಕಿಗೆ ಕಡೆಯ ಸಲ ಬಣ್ಣ ಬಳಿಯುವ ಮುಂಚೆಯೇ ಯಾವುದೋ ಮಗು, ಇದೇ ಜಾಗದಲ್ಲಿ, ಇದೇ ಎತ್ತರದಲ್ಲಿ ಬಾಯಿ ಇಟ್ಟಿತ್ತು. ಸರೋಜ ಹೆದರುತ್ತಾಳೆಂದು ಅವಳಿಗೆ ತೋರಿಸಲಿಲ್ಲ. ಅವಳೂ ಅದನ್ನು ಮೊದಲೇ ನೋಡಿ, ನಾನು ಹೆದರುತ್ತೇನೆಂದು ನನಗೆ ತೋರಿಸಿರಲಿಲ್ಲವಂತೆ.

ಘೋಡಗೇರಿಯಿಂದ ನಮ್ಮತ್ತೆ ಬಂದರು. ಮಧ್ಯಾಹ್ನವೆಲ್ಲ ಮೊಮ್ಮಗಳನ್ನೇ ನೋಡುತ್ತ ಕುಳಿತು, ಕಡೆಗೆ ದನಿ ತಗ್ಗಿಸಿ, “ಈ ಕಿಡಕಿ ಕೂಸಿಗಿ ಕರ್ಯಾಕತ್ತೈತಿ” ಎಂದರು. ನಾನು ವಿಜ್ಞಾನದ ಮಾಸ್ತರನಲ್ಲದಿದ್ದರೂ ಸ್ಟಾಫ್ ರೂಮಿನಲ್ಲಿ ಅವರ ಬಾಜೂ ಕುಳಿತು ಚಹಾ ಕುಡಿಯುವವನು. ಇಂಥ ಮಾತಿಗೆ ನಗಬೇಕಿತ್ತು. ನಗಲಿಲ್ಲ. ಸ್ಟೂಲ್ ಹತ್ತಿ ಕಿಟಕಿಯ ನೆತ್ತಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವನು ನಾನೇ. ಮಗಳ ಕೊರಳಿಗೆ ತಾಯತ ಬಂತು. ಲಿಂಬೆಹಣ್ಣು ಒಣಗಿ ಕಪ್ಪಾಗುವವರೆಗೆ ಮೇಲೆ ತೂಗುತ್ತಿತ್ತು, ಅದರ ಕೆಳಗೆ ಸುಮಾ ಎಂದಿನಂತೆ ಗಜ ಹಿಡಿದು ನಿಲ್ಲುತ್ತಿದ್ದಳು.

ಮಳೆಗಾಲ ಮುಗಿದು ಕದಗಳೆಲ್ಲ ಉಬ್ಬಿ ಬಿಗಿಯಾಗಿದ್ದವು. ಮನೆ ರಿಪೇರಿ ಮಾಡಿಸಿ ಬಣ್ಣ ಹಚ್ಚಿಸಬೇಕೆಂದು ಆಯಿ ನಿಶ್ಚಯಿಸಿದರು. ಬಾಡಿಗೆಗಿದ್ದ ನಮಗೆ ಈ ವಿಷಯ ಗೊತ್ತಾದದ್ದು ಇರುವೆಗಳ ಮೂಲಕ. ಅವರ ಪದ್ಧತಿಯೇ ಹಾಗೆ. ಮನೆಯಲ್ಲಿ ಸುಣ್ಣವಿರಲಿ, ಸುತ್ತಿಗೆ ಕೆಲಸವಿರಲಿ, ಕೆಲವು ದಿನ ಮುಂಚಿನಿಂದಲೇ ಮೆತ್ತನೆಯ ಕಸಬರಿಗೆ ಹಿಡಿದು ಮೂಲೆಮೂಲೆಗೆ ಹೋಗಿ ಅಲ್ಲಿದ್ದವರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದರು. ಗೂಡಿನ ಹಲ್ಲಿ, ಹೊಸ್ತಿಲ ಇರುವೆ, ಜಂತೆಯ ಜೇಡ, ಯಾರನ್ನೂ ಬಿಡುತ್ತಿರಲಿಲ್ಲ. ಅದೂ ಬಹುವಚನದಲ್ಲಿ. “ಕೆಲಸ ಸುರು ಆಗತೈತ್ರಿ. ಕಟಗಿ ಕೆರೀತಾರ. ಹಿತ್ತಲ ಗ್ವಾಡಿಗಿ ಹೋಗಿ ಇರ್ರಿ, ಮುಗದ ಮ್ಯಾಲ ಬರ್ರಿ.” ಮಧ್ಯಾಹ್ನದ ಹಸಿರು ಬೆಳಕಿನಲ್ಲಿ, ಬಿಳಿ ಸೀರೆಯುಟ್ಟು, ಗೋಡೆಗೆ ಬಾಯಿ ಹತ್ತಿರ ತಂದು ಅವರು ಹೀಗೆ ಪಿಸುಗುಟ್ಟುವುದನ್ನು ಕೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನಬೇಕು. ಎಲ್ಲಿಂದಲೋ ಹಲ್ಲಿಯೊಂದು ಲೊಚಗುಟ್ಟುತ್ತಿತ್ತು. ಆಯಿ ತಲೆಯಾಡಿಸಿ ಮುಂದಿನ ಮೂಲೆಗೆ ಹೋಗುತ್ತಿದ್ದರು. ಇಷ್ಟೆಲ್ಲ ಜೀವಗಳಿಗೆ ನೋಟೀಸು ಕೊಡುವವರಿಗೆ ಮನುಷ್ಯರಿಗೂ ಒಂದು ಮಾತು ಹೇಳಬೇಕೆಂದು ಹೊಳೆದಿರಲಿಲ್ಲ. ನಮಗೆ ಕಿವಿಯಿದೆ, ಕಾಲಿದೆ, ಹೇಗೋ ಬದುಕಿಕೊಳ್ಳುತ್ತೇವೆ ಎಂದುಕೊಂಡಿರಬೇಕು.

ಪೇಂಟರಿಗೆ ಅವರು ಹಾಕಿದ ಕಟ್ಟಳೆ ಇದು. ಕಟ್ಟಿಗೆಗೆ ನೀರು ತಾಗಿಸಬಾರದು, ಬಣ್ಣ ಸುಡಲು ಬೆಂಕಿ ಹಿಡಿಯಬಾರದು, ಸಂದಿಯೊಳಗೆ ಉಳಿದ ಜೀವ ಸಾಯುತ್ತದೆ. ಒಣಗಿದ್ದನ್ನು ಒಣಗಿದ ಹಾಗೆಯೇ ಪಾಲಿಶ್ ಪೇಪರಿನಿಂದ ಉಜ್ಜಬೇಕು. ಪೇಂಟರು ಒಪ್ಪಿಕೊಂಡು, ಕೆಳಗೆ ಎಷ್ಟು ಪದರಿದೆ ನೋಡಲು ನಮ್ಮ ಕಿಟಕಿಯ ಒಂದು ಕದವನ್ನಷ್ಟೇ ಉಜ್ಜಿ, ಇಡೀ ಕೆಲಸ ಒಂದು ದಿನ ಬಿಟ್ಟು ಶುರುಮಾಡುವುದಾಗಿ ಹೇಳಿ ಹೋದರು. ನಾನು ಶಾಲೆಯಿಂದ ಬಂದಾಗ ಬಿಸಿಲಕೋಲಿನಲ್ಲಿ ಹಸಿರು ಧೂಳು ಇನ್ನೂ ತೇಲುತ್ತಿತ್ತು. ಮುಚ್ಚಿರದ ಹಾಲಿನ ಮೇಲೆ ತೆಳುವಾಗಿ ಕೂತಿತ್ತು. ನೆಲದ ಮೇಲೆ ಹೆಜ್ಜೆಗಳಿದ್ದವು. ಪುಟ್ಟ ಹಸಿರು ಹೆಜ್ಜೆಗಳು ಕಿಟಕಿಯಿಂದ ತೊಟ್ಟಿಲಿಗೆ ಬಂದು, ತೊಟ್ಟಿಲಿನಿಂದ ಮತ್ತೆ ಕಿಟಕಿಗೆ ಹೋಗಿದ್ದವು. ಸುಮಾ ಕೊನೆಯ ಹೆಜ್ಜೆಯ ಮೇಲೆ ನಿಂತು ತನ್ನ ಬೆರಳುಗಳನ್ನು ಒಂದೊಂದಾಗಿ ಚೀಪುತ್ತಿದ್ದಳು.

ಮರುದಿನ ಬೆಳಗಿನ ಬಸ್ಸಿಗೇ ಅವಳನ್ನು ಬೆಳಗಾವಿಗೆ ಕರೆದುಕೊಂಡು ಹೋದೆವು. ಅಲ್ಲಿ ಮಕ್ಕಳ ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಸುಮಾಳ ಕಣ್ಣು, ಒಸಡು, ಹೊಟ್ಟೆ ನೋಡಿ, ತಾಯತ ಸರಿಸಿ ಎದೆ ಕೇಳಿ, ಮಗು ಮಣ್ಣೋ ಸುಣ್ಣವೋ ಬಣ್ಣವೋ ತಿನ್ನುತ್ತದೆಯೇ ಎಂದು ಕೇಳಿದರು. ಸರೋಜ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಥೆ ಹೇಳಿದೆ, ಲಿಂಬೆಹಣ್ಣೊಂದನ್ನು ಬಿಟ್ಟು. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುತ್ತದೆ, ನಾಲಗೆಗೆ ಸಿಹಿ ಹತ್ತುತ್ತದೆ, ಅದಕ್ಕೇ ಮಕ್ಕಳು ಬಿಡುವುದಿಲ್ಲ, ರಕ್ತಕ್ಕೂ ತಲೆಗೂ ಏರುತ್ತದೆ ಎಂದು ಅವರು ತಿಳಿಸಿ ಹೇಳಿದರು. ರಕ್ತವನ್ನು ದೊಡ್ಡ ಊರಿಗೆ ಪರೀಕ್ಷೆಗೆ ಕಳಿಸುವುದಾಗಿಯೂ, ಬೇಗ ಗೊತ್ತಾದದ್ದು ಪುಣ್ಯವೆಂದೂ ಹೇಳಿ, ಮನೆಯಲ್ಲಿ ಏನಾದರೂ ಕೆಲಸ ನಡೆದಿದೆಯೇ ಎಂದು ವಿಚಾರಿಸಿದರು. ನಾಳೆಯಿಂದ ಕೆರೆಯುತ್ತಾರೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

“ಒಣಾ ಕೆರದ್ರ ಧೂಳಾಗಿ ಎಲ್ಲಾರ ಹೊಟ್ಟ್ಯಾಗೂ ಹೊಕ್ಕತೈತ್ರಿ. ಮೊದಲ ಮನ್ಯಾಗಿನವರಿಗೆಲ್ಲಾ ಹೇಳ್ರಿ, ಆಮ್ಯಾಲ ಕೆಲಸಕ್ಕ ಕೈ ಹಚ್ಚಸ್ರಿ” ಎಂದರು.

ಗೋಕಾಕದ ಬಸ್ಸಿನಲ್ಲಿ ಸುಮಾ ಮಲಗಿದಳು. ನಾನು ನನ್ನ ಪಾಂಡಿತ್ಯವನ್ನು ತಿರುವಿಹಾಕುತ್ತ ಕುಳಿತೆ. ಸೀಸದ ಕಡ್ಡಿಯಿಂದ ಬರೆಯಿರಿ ಎಂದು ದಿನಾ ಹುಡುಗರಿಗೆ ಹೇಳುತ್ತೇನೆ, ಪೆನ್ಸಿಲ್ಲಿನೊಳಗೆ ಸೀಸವೇ ಇಲ್ಲ. ಹನುಮಪ್ಪನಿಗೆ ಬಳಿಯುವ ಸಿಂಧೂರ ಹಳೆಯ ರೀತಿಯದಾದರೆ ಅದರಲ್ಲಿ ಇದೆ, ಆದರೆ ಅವನು ಅದನ್ನು ಮೈಗೆ ಹಚ್ಚಿಕೊಳ್ಳುತ್ತಾನೆಯೇ ಹೊರತು ನೆಕ್ಕುವುದಿಲ್ಲ. ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ಲಿಂಬೆಹಣ್ಣು ಕಂಡರೆ ನಾವು ಬಳಸಿಕೊಂಡು ಹೋಗುತ್ತೇವೆ, ಕಿಟಕಿಗೆ ಬಳಿದ ಬಣ್ಣಕ್ಕೆ ತಲೆ ಆನಿಸಿ ಕೂರುತ್ತೇವೆ. ನಾನು ಗೆಳೆಯರ ಮುಂದೆ ಹೊಗಳಿದ ಆ ಹಸಿರಿಗೆ ಬೇಕಾದ ಹಳದಿಯೂ ಸೀಸದಿಂದಲೇ ಬರುವಂಥದು. ಹಳದಿಗೆ ನೀಲಿ ಬೆರೆಸುವ ಲೆಕ್ಕ ನನಗೆ ಬಾಯಿಪಾಠ, ಹಳದಿಯೊಳಗೆ ಏನಿದೆಯೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಘಟಪ್ರಭೆಯ ಸೇತುವೆ ಕಾಣುವ ಹೊತ್ತಿಗೆ ಬೇರೆಯೇ ಒಂದು ಯೋಚನೆ ಬಂತು. ಸುಮಾಳ ಹಲ್ಲಿನ ಗುರುತಿನ ಪಕ್ಕದ ಗುರುತು ಯಾರದು? ಆ ಖೋಲಿಯಲ್ಲಿ ಬೆಳೆದದ್ದು, ನಡೆಯಲು ಕಲಿತ ಮೇಲೆ ಮಂಕಾದದ್ದು ಯಾರು? ಕೆಲಸ ನಿಲ್ಲಿಸಬೇಕಾದರೆ ಆಯಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ಉಳಿದದ್ದನ್ನು ಅವರೇ ತಿಳಿದುಕೊಳ್ಳುತ್ತಾರೆ. ಮಗಳಿಗಾಗಿ ಹೇಳಲೇಬೇಕು. ಆದರೆ ಆ ಮುದಿ ಜೀವಕ್ಕೆ ಇದನ್ನು ಹೇಗೆ ಹೇಳುವುದು? ಸುಮ್ಮನೆ ಬೇರೆ ಮನೆ ನೋಡಿಕೊಂಡು ಹೋಗಿಬಿಡೋಣ ಎಂದೂ ಅನಿಸಿತು. ಹಾಗೆ ಹೋದರೆ, ನಾಳೆ ಆ ಧೂಳಿನಲ್ಲಿ ಬಾಳೂ ಕುಳಿತಿರುತ್ತಾನೆ, ನಾಡಿದ್ದು ಬೇರೆ ಯಾರದೋ ಮಗು ಗಜ ಹಿಡಿದು ನಿಲ್ಲುತ್ತದೆ.

ಸರೋಜಳನ್ನೂ ಮಗುವನ್ನೂ ಬಸ್‌ಸ್ಟ್ಯಾಂಡಿನಿಂದಲೇ ಘೋಡಗೇರಿಗೆ ಕಳಿಸಿ ನಾನೊಬ್ಬನೇ ಮನೆಗೆ ಬಂದೆ. ನಮ್ಮ ಖೋಲಿಯಲ್ಲಿ ಆಯಿ ಕಸಬರಿಗೆ ಹಿಡಿದು ಹಲ್ಲಿಯ ಜೊತೆ ಮಾತಾಡುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಬಾಳೂ. ನಾನು ಬಾಗಿಲಲ್ಲೇ ನಿಂತು, “ಆಯಿ, ನೀವು ಎಲ್ಲಾರಿಗೂ ಸುದ್ದಿ ಮುಟ್ಟಸ್ತೀರಿ. ನಾ ನಿಮಗ ಒಂದು ಸುದ್ದಿ ಮುಟ್ಟಸಬೇಕಾಗೈತ್ರಿ” ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಕಡೆಗೆ ಕೆಳಪಟ್ಟಿಯ ಗುರುತುಗಳನ್ನು ತೋರಿಸಿದೆ.

ಅವರು ಕುಕ್ಕರಗಾಲಲ್ಲಿ ಕುಳಿತು ಸುಮಾಳ ಗುರುತನ್ನು ಮುಟ್ಟಿದರು. ಆಮೇಲೆ ಹಳೆಯದನ್ನು. ಬೆರಳು ಅಲ್ಲೇ ನಿಂತಿತು. ಆ ಹಸಿರನ್ನು ಅವರ ಯಜಮಾನರು ಮೊದಲು ಹಚ್ಚಿಸಿದ್ದು ಬಾಳೂ ಹುಟ್ಟಿದ ಸಂತೋಷಕ್ಕೆ, ಅವನು ದೊಡ್ಡವನಾದ ಮೇಲೆ ಅದರ ಮೇಲೇ ಇನ್ನೊಂದು ಪದರು ಬಳಿಸಿದ್ದರು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಬಾಳೂಗೆ ಆದದ್ದೂ ಇದೇ ಎಂದು ಈಗ ಯಾರೂ ಖಾತ್ರಿಯಾಗಿ ಹೇಳಲಾರರು ಎಂದು ನಾನು ಸೇರಿಸಿದೆ. ಅದು ಖರೆಯೂ ಹೌದು. ಆಯಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಹಂಗಾರ ಬಿಸಿನೀರಿಂದಲ್ಲ?” ಎಂದರು.

ನನಗೆ ಅರ್ಥವಾಗಲಿಲ್ಲ. ಆಗ ಅವರೇ ಹೇಳಿದರು. ಬಾಳೂ ಹೊಟ್ಟೆಯಲ್ಲಿದ್ದಾಗ ಒಮ್ಮೆ ಬಚ್ಚಲ ಮೂಲೆಯಲ್ಲಿ ನೋಡದೆ ಬಿಸಿನೀರು ಚೆಲ್ಲಿದ್ದರಂತೆ. ಅಲ್ಲಿ ಇರುವೆಗಳ ಗೂಡಿತ್ತು. ಮಗ ಮಂಕಾದಾಗ, ಓಣಿಯವರು ದೆವ್ವವೆಂದರು, ಅವರ ಮನಸ್ಸು ಮಾತ್ರ ಆ ಇರುವೆಗಳೆಂದಿತು. ಅಂದಿನಿಂದ ಅವರು ಹೇಳದೆ ಒಂದು ಕೊಡ ನೀರನ್ನೂ ಚೆಲ್ಲಿಲ್ಲ. ನಾವು ಪದ್ಧತಿಯೆಂದು ತಿಳಿದು ನಗುತ್ತಿದ್ದದ್ದು ಒಬ್ಬ ತಾಯಿ ಇಡೀ ಜೀವಮಾನ ಕೇಳಿದ ಕ್ಷಮೆಯಾಗಿತ್ತು. ನಾನು ಅವರ ತಲೆಯಿಂದ ಒಂದು ಭಾರ ಇಳಿಸಿ ಇನ್ನೊಂದನ್ನು ಹೊರಿಸಿದ್ದೆ. ಯಾವುದು ಹೆಚ್ಚಿನದೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅವರು ಎದ್ದು ಕಿಟಕಿಯ ಕದ ತೆಗೆದು, ಹೊರಗೆ ಕುಳಿತ ಮಗನಿಗೆ ಹಲ್ಲಿಗೆ ಹೇಳುವ ಅದೇ ಮೆಲುದನಿಯಲ್ಲಿ ಎಲ್ಲವನ್ನೂ ಹೇಳಿದರು. ಈ ಬಣ್ಣ ಕೆಟ್ಟದ್ದಪ್ಪಾ, ನೀನು ಸಣ್ಣವನಿದ್ದಾಗ ತಿಂದಿದ್ದಿ, ನಮಗೆ ತಿಳಿಯಲಿಲ್ಲ. ಬಾಳೂ ಕಟ್ಟೆಯಿಂದ ಎದ್ದು ಬಂದು ಹೊರಗಿನಿಂದ ಎರಡು ಗಜ ಹಿಡಿದ. ಅವನ ಬೆರಳುಗಳು ಸುಮಾ ಹಿಡಿಯುವಲ್ಲೇ ಹೋಗಿ ಕುಳಿತವು. ಅವನ ಮುಖ ಬೆಳಗಿತು.

“ಭಾಳ ಸೀ ಇತ್ತ, ಆಯಿ” ಎಂದ.

ಅವನನ್ನು ಇಷ್ಟು ವರ್ಷ ದೇವರು ದಿಂಡರ ಮುಂದೆ ಕೂರಿಸಿದ್ದರು, ಡಾಕ್ಟರಿಗೆ ತೋರಿಸಿದ್ದರು, ಓಣಿಯೆಲ್ಲ ಅವನ ಬಗ್ಗೆ ಮಾತಾಡಿತ್ತು. ಏನಾಯಿತೆಂದು ಅವನನ್ನೇ ಯಾರೂ ಕೇಳಿರಲಿಲ್ಲ. ಆಯಿ ಗಜಗಳ ನಡುವೆ ಕೈ ಹಾಕಿ ಅವನ ಕೆನ್ನೆ ಹಿಡಿದುಕೊಂಡು ಅತ್ತರು. ನಾನು ಅಡಿಗೆಮನೆಗೆ ಹೋಗಿ ಅಲ್ಲಿಯೇ ನಿಂತೆ.

ಕೆಲಸ ಮಾರನೆಯ ದಿನ ನಡೆಯಲಿಲ್ಲ. ಆಯಿ ಮೊದಲು ಎರಡೂ ಬಾಜುವಿನ ಮನೆಗಳಿಗೆ ಹೋಗಿ, ಕದ ಹಾಕಿಕೊಳ್ಳಿರಿ, ಮಕ್ಕಳನ್ನು ಈ ಕಡೆ ಬಿಡಬೇಡಿರಿ ಎಂದು ಹೇಳಿ ಬಂದರು. ಬಾಳೂನನ್ನು ತಮ್ಮ ತಂಗಿಯ ಮನೆಗೆ ಕಳಿಸಿದರು. ಪೇಂಟರಿಗೆ ಮೂಗುಬಾಯಿ ಮುಚ್ಚುವಂತೆ ಅರಿವೆ ಕಟ್ಟಿಸಿದರು. ನೀರಿನದೇ ಒಂದು ತೊಡಕಿತ್ತು. ಡಾಕ್ಟರು ಬಣ್ಣ ತೋಯಿಸಿಯೇ ತೆಗೆಯಿರಿ ಎಂದಿದ್ದರು. ಆಯಿ ಅದಕ್ಕೂ ದಾರಿ ಕಂಡುಕೊಂಡರು. ಸಂದಿಗಳನ್ನು ಮೆತ್ತನೆಯ ಕಸಬರಿಗೆಯಿಂದ ಸವರಿ, ಒಳಗಿದ್ದವರಿಗೆ ಮತ್ತೊಮ್ಮೆ ಹೇಳಿ, ಕಿಟಕಿಗೆ ಹಾಕುವ ನೀರನ್ನೂ ಕುಡಿಯುವ ನೀರಿನಂತೆ ಅರಿವೆಯಲ್ಲಿ ಸೋಸಿಯೇ ಕೊಟ್ಟರು. ಹಸಿರೆಲ್ಲ ಒದ್ದೆಯಾಗಿಯೇ ಕಳಚಿತು. ಅದನ್ನು ಚೀಲಕ್ಕೆ ತುಂಬಿ ಕಟ್ಟಿ, ನೆಲವನ್ನು ಹಸಿ ಅರಿವೆಯಿಂದ ಮತ್ತೆ ಮತ್ತೆ ಒರೆಸಿದೆವು. ಕೆಳಪಟ್ಟಿಯನ್ನು ಮಾತ್ರ ಆಯಿ ಪೂರಾ ಕಿತ್ತು ತೆಗೆಸಿ ಅಲ್ಲಿ ಕಲ್ಲು ಹಾಕಿಸಿದರು. ಬಣ್ಣ ಹೋದ ಮೇಲೂ ಸಾಗವಾನಿಯಲ್ಲಿ ಆ ಹಲ್ಲಿನ ಗುರುತು ಉಳಿದಿದ್ದವು.

ರಕ್ತದ ರಿಪೋರ್ಟು ಡಾಕ್ಟರು ಹೇಳಿದ್ದನ್ನೇ ಹೇಳಿತು. ಔಷಧ, ಹಾಲು, ಸೊಪ್ಪು, ಬೆಲ್ಲ ಎಂದು ಘೋಡಗೇರಿಯಲ್ಲಿ ದಿನ ಕಳೆದವು. ಸುಮಾಳ ಮುಖಕ್ಕೆ ಬಣ್ಣ ಬಂತು (ಈ ಬಣ್ಣ ನನಗೆ ಬಹಳ ಇಷ್ಟವಾಯಿತು). ಬಿಟ್ಟುಹೋದ ಮಾತುಗಳು ತಿರುಗಿ ಬರತೊಡಗಿದವು. ಮೊದಲು ‘ಅಪ್ಪಾ’ ಬರುತ್ತದೆಂದು ಕಾದಿದ್ದೆ. ಬಂದದ್ದು ‘ಹಲ್ಲಿ’.

ನಾವು ಅದೇ ಮನೆಗೆ ತಿರುಗಿ ಬಂದ ಮೇಲೆ, ಮುಂದಿನ ಸಲ ಸುಣ್ಣ ಹಚ್ಚಿಸುವಾಗಲೂ ಆಯಿ ಮೂಲೆಮೂಲೆಗೆ ಹೋಗಿ ಸುದ್ದಿ ಮುಟ್ಟಿಸಿದರು. ಇನ್ನೇಕೆ ಎಂದು ನಾನು ಕೇಳಿಯೇಬಿಟ್ಟೆ. “ಅಂಜಿಕಿಗೆ ಹೇಳತಿದ್ನಿ, ಮಾಸ್ತರ. ಈಗ ಸುಮ್ಮ ಹಂಗ ಹೇಳತೇನಿ. ಅವೂ ಅದಾವಲ್ರಿ ಈ ಮನ್ಯಾಗ” ಎಂದರು. ಆಮೇಲೆ ನಮ್ಮ ಬಾಗಿಲಿಗೂ ಬಂದು, ಇರುವೆಗಳ ನಂತರವಾದರೂ, ನಮಗೂ ಹೇಳಿದರು.

ಅವತ್ತು ಸಂಜೆ ನಾನು ಕರದಂಟು ತಂದಿದ್ದೆ. ಸುಮಾ ಚಪ್ಪರಿಸಿ ತಿಂದಳು. ಬಾಳೂಗೂ ಒಂದು ತುಂಡು ಕೊಟ್ಟೆ. ಅವನು ಬಹಳ ಹೊತ್ತು ಅಗಿದು, ಕಲ್ಲು ಹಾಕಿದ ಕಿಟಕಿಯ ಕಡೆಗೊಮ್ಮೆ ನೋಡಿ, ನನಗೆ ಬೇಸರವಾಗಬಾರದೆಂಬಂತೆ ಮೆಲ್ಲಗೆ, “ಕಿಡಕಿಯಷ್ಟ ಸೀ ಇಲ್ಲರಿ” ಎಂದ.

ಆದ್ದರಿಂದ ನಿಮ್ಮ ಮನೆಗೆ ನಾನು ಬಂದು, ಊಟಕ್ಕೆ ಕೂರುವ ಮೊದಲು ಕಿಟಕಿಯ ಹತ್ತಿರ ಬಗ್ಗಿ ನಿಂತರೆ ದಯವಿಟ್ಟು ತಪ್ಪು ತಿಳಿಯಬೇಡಿ. ನಾನು ಧೂಳು ಹುಡುಕುತ್ತಿಲ್ಲ. ಹಳೆಯ ಬಣ್ಣದ ಕೆಳಗೆ, ಇಷ್ಟೇ ಇಷ್ಟು ಎತ್ತರದಲ್ಲಿ, ಚಿಕ್ಕ ಹಲ್ಲಿನ ಗುರುತುಗಳಿವೆಯೇ ಎಂದು ನೋಡುತ್ತಿದ್ದೇನೆ.